ಒಂದೇ ಕುಂಡದಲ್ಲಿ ಫೆಬ್ರವರಿಯಿಂದ ಮೇ ತನಕ ಹೂವು: ಗೆಡ್ಡೆಗಳನ್ನು ಪದರ ಪದರವಾಗಿ ನೆಡುವ ಬಗೆ

ನೆದರ್‌ಲೆಂಡ್ಸ್‌ನಲ್ಲಿ ಸೆಪ್ಟೆಂಬರ್ ಬಂತೆಂದರೆ ಗಾರ್ಡನ್ ಸೆಂಟರ್‌ಗಳ ಬಾಗಿಲಲ್ಲೇ ಗೆಡ್ಡೆಗಳ ರಾಶಿ ಬೀಳುತ್ತದೆ. ಟ್ಯುಲಿಪ್, ಡ್ಯಾಫೊಡಿಲ್, ಕ್ರೋಕಸ್, ಹಯಸಿಂತ್, ಮಸ್ಕಾರಿ. ಬಲೆಚೀಲದಲ್ಲಿ ತುಂಬಿ, ಅರಳಿದ ಹೂವಿನ ಚಿತ್ರ ಸಿಕ್ಕಿಸಿ ಮಾರುತ್ತಾರೆ. ಚಿತ್ರ ಚೆಂದ ಇದೆ ಅಂತ ಇಲ್ಲಿ ನೆಲೆಸಿದ ನಮ್ಮ ಕನ್ನಡದವರೂ ಒಂದೆರಡು ಚೀಲ ಎತ್ತಿಕೊಂಡು ಬರುತ್ತಾರೆ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಇರುವುದು ಎರಡೋ ಮೂರೋ ಕುಂಡ. ಒಂದಕ್ಕೆ ಟ್ಯುಲಿಪ್, ಇನ್ನೊಂದಕ್ಕೆ ಡ್ಯಾಫೊಡಿಲ್. ಐದಾರು ತಿಂಗಳು ಕಾದರೆ ಹೂವು ಇರುವುದು ಎರಡು ವಾರ. ಆಮೇಲೆ ಬಾಡಿದ ಎಲೆ, ಖಾಲಿ ಮಣ್ಣು.

ಅದೇ ಕುಂಡದಲ್ಲಿ ಫೆಬ್ರವರಿ ಕೊನೆಯಿಂದ ಮೇ ತನಕ ಒಂದಾದ ಮೇಲೊಂದು ಹೂವು ಬರುವ ಹಾಗೆ ಮಾಡಬಹುದು. ದೊಡ್ಡ ಗೆಡ್ಡೆ ತಳದಲ್ಲಿ, ಅದರ ಮೇಲೆ ಮಣ್ಣು, ಆಮೇಲೆ ಮಧ್ಯಮ ಗೆಡ್ಡೆ, ಮತ್ತೆ ಮಣ್ಣು, ಎಲ್ಲಕ್ಕಿಂತ ಮೇಲೆ ಪುಟ್ಟ ಗೆಡ್ಡೆ. ಡಚ್ಚರು, ಇಂಗ್ಲಿಷರು ಇದನ್ನು ಲಸಾನ್ಯ ಅಂತಲೇ ಕರೆಯುತ್ತಾರೆ, ಪದರ ಪದರವಾಗಿ ಜೋಡಿಸಿ ಬೇಯಿಸುವ ಇಟಲಿಯ ತಿನಿಸಿನ ಹೆಸರು ಅದು. ಲಿಸ್ಸೆ ಊರಿನ ಕ್ಯೂಕನ್‌ಹೋಫ್ ತೋಟಕ್ಕೆ ಹೋಗಿ ಬಂದವರು ಗೊತ್ತಿಲ್ಲದೆಯೇ ಇದನ್ನು ನೋಡಿರುತ್ತಾರೆ. ಅಲ್ಲಿ ಪ್ರತಿ ವರ್ಷ ಸುಮಾರು 70 ಲಕ್ಷ ಗೆಡ್ಡೆ ನೆಡುತ್ತಾರೆ. ತೋಟ ತೆರೆದಿರುವುದು ಸುಮಾರು ಎಂಟು ವಾರ. ಅಷ್ಟು ದಿನವೂ ಪಾತಿ ಬೋಳಾಗದಿರಲಿ ಅಂತ ಬೇರೆ ಬೇರೆ ಹೊತ್ತಿಗೆ ಅರಳುವ ಗೆಡ್ಡೆಗಳನ್ನು ಒಂದರ ಮೇಲೊಂದು ಹಾಕುತ್ತಾರೆ.

ಇದನ್ನು ಜಾಗ ಉಳಿಸುವ ಉಪಾಯ ಅಂತ ಹೇಳುವವರು ಜಾಸ್ತಿ. ಜಾಗ ಉಳಿಯುತ್ತದೆ, ನಿಜ. ಆದರೆ ನನ್ನ ಪ್ರಕಾರ ಇದರ ಗುಟ್ಟು ಇರುವುದು ಕ್ಯಾಲೆಂಡರಿನಲ್ಲಿ. ಯಾವ ಗೆಡ್ಡೆ ಯಾವ ವಾರ ಅರಳುತ್ತದೆ ಅಂತ ನೆಡುವ ಮೊದಲೇ ಕೂತು ಹೊಂದಿಸಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಇದು ಹೇಗೆ ಸಾಧ್ಯ ಅಂತ ಅರ್ಥವಾಗಬೇಕಾದರೆ ಮೊದಲು ಒಂದು ಗೆಡ್ಡೆಯನ್ನು ಕೊಯ್ದು ನೋಡಬೇಕು.

ಗೆಡ್ಡೆಯ ಒಳಗೆ ಏನಿದೆ

ದುಡ್ಡು ಕೊಟ್ಟು ತಂದ ಗೆಡ್ಡೆಗೆ ಚಾಕು ಹಾಕಲು ಮನಸ್ಸು ಬರುವುದಿಲ್ಲ. ಆದರೂ ಒಂದೇ ಒಂದನ್ನು ಕೊಯ್ಯಿರಿ. ಅಕ್ಟೋಬರಿನಲ್ಲಿ ಒಂದು ದಪ್ಪ ಟ್ಯುಲಿಪ್ ಗೆಡ್ಡೆ ತಗೊಂಡು, ಕಂದು ಸಿಪ್ಪೆ ಸುಲಿದು, ಮೂತಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿ. ಈರುಳ್ಳಿಯ ಹಾಗೆ ಒಂದರೊಳಗೊಂದು ಬಿಳಿ ಪದರಗಳು ಕಾಣುತ್ತವೆ. ಈರುಳ್ಳಿಗಿಂತ ದಪ್ಪ, ಗಟ್ಟಿ, ಪದರ ಮಾತ್ರ ಕಡಿಮೆ. ನಟ್ಟನಡುವೆ ಬುಡದಿಂದ ಎದ್ದು ನಿಂತ ತಿಳಿಹಳದಿ ಮೊಳಕೆ ಇರುತ್ತದೆ. ಸೂಜಿಯ ಮೊನೆಯಿಂದ ಆ ಮೊಳಕೆಯ ಎಲೆಗಳನ್ನು ಮೆಲ್ಲಗೆ ಬಿಡಿಸಿ, ಫೋನಿನ ಕ್ಯಾಮೆರಾ ಝೂಮ್ ಮಾಡಿ ನೋಡಿ. ಕೆಲವೇ ಮಿಲಿಮೀಟರಿನ ಒಂದು ಹೂವು. ಆರು ಎಸಳು, ಆರು ಕೇಸರ, ನಡುವೆ ಮೂರು ಮೂಲೆಯ ಅಂಡಾಶಯ. ಬಣ್ಣ ಇನ್ನೂ ಬಂದಿಲ್ಲ, ಆದರೆ ಒಂದು ಅಂಗವೂ ಬಾಕಿ ಇಲ್ಲ.

ಅಂದರೆ ಅಂಗಡಿಯಿಂದ ತಂದಾಗಲೇ ಮುಂದಿನ ವಸಂತದ ಹೂವು ನಿಮ್ಮ ಕೈಯಲ್ಲಿದೆ. ಬೆಳೆಗಾರರು ಜೂನ್, ಜುಲೈ ಹೊತ್ತಿಗೆ ಹೊಲದಿಂದ ಟ್ಯುಲಿಪ್ ಗೆಡ್ಡೆ ಕಿತ್ತು ಗೋದಾಮಿನಲ್ಲಿ ಇಡುತ್ತಾರೆ. ಅಲ್ಲಿನ ಬೆಚ್ಚಗಿನ ಗಾಳಿಯಲ್ಲಿ, ಮಣ್ಣು ನೀರು ಏನೂ ಇಲ್ಲದೆ, ಗೆಡ್ಡೆಯೊಳಗೆ ಈ ಹೂವು ಮೂಡುತ್ತದೆ. ಮೊದಲು ಎಲೆ, ಆಮೇಲೆ ಎಸಳು, ಕೇಸರ, ಕೊನೆಗೆ ಅಂಡಾಶಯ. ಅಂಡಾಶಯ ಮೂಡಿದ ಘಟ್ಟಕ್ಕೆ ಅವರ ಭಾಷೆಯಲ್ಲಿ ಜಿ ಹಂತ ಅಂತ ಹೆಸರು. ಕ್ರಿಸ್‌ಮಸ್‌ಗೆ ಹೂ ಬೇಕೆಂದು ಗೆಡ್ಡೆಯನ್ನು ತಂಪು ಕೋಣೆಗೆ ಹಾಕುವವರು ಮೊದಲು ಕೆಲವನ್ನು ಸೀಳಿ, ಈ ಹಂತ ಮುಟ್ಟಿದೆಯಾ ಅಂತ ನೋಡಿಯೇ ಮುಂದುವರಿಯುತ್ತಾರೆ. ಡ್ಯಾಫೊಡಿಲ್ ಇನ್ನೂ ಅವಸರದ್ದು. ಅದು ಮಣ್ಣಿನಲ್ಲಿ ಇರುವಾಗಲೇ, ಈ ವರ್ಷದ ಎಲೆ ಒಣಗುವ ಹೊತ್ತಿಗೇ, ಮುಂದಿನ ವರ್ಷದ ಹೂವಿಗೆ ಕೈ ಹಾಕಿರುತ್ತದೆ.

ಸುತ್ತಲಿನ ಬಿಳಿ ಪದರಗಳು ಊಟದ ಬುತ್ತಿ. ಅದರ ತುಂಬ ಪಿಷ್ಟ. 1944-45ರ ಚಳಿಗಾಲದಲ್ಲಿ, ಜರ್ಮನ್ ಸೈನ್ಯದ ಹಿಡಿತದಲ್ಲಿದ್ದ ಪಶ್ಚಿಮ ನೆದರ್‌ಲೆಂಡ್ಸ್‌ನಲ್ಲಿ ಬರ ಬಿದ್ದಾಗ ಜನ ಟ್ಯುಲಿಪ್ ಗೆಡ್ಡೆಯ ನಡುವಿನ ಮೊಳಕೆ ತೆಗೆದು, ಉಳಿದದ್ದನ್ನು ಬೇಯಿಸಿ ತಿಂದು ಜೀವ ಹಿಡಿದುಕೊಂಡರು. ಇವತ್ತಿಗೂ ಹಿರಿಯ ಡಚ್ಚರ ಮನೆಗಳಲ್ಲಿ ಆ ಮಾತು ಬರುತ್ತದೆ.

ಹೂವೂ ಒಳಗೇ ಇದೆ, ಊಟವೂ ಒಳಗೇ ಇದೆ. ಅದಕ್ಕೇ ಗೆಡ್ಡೆಗಳನ್ನು ಒಂದರ ಮಗ್ಗುಲಲ್ಲಿ ಒಂದು, ಒಂದರ ಮೇಲೆ ಒಂದು ಒತ್ತೊತ್ತಾಗಿ ತುಂಬಬಹುದು. ಮೆಣಸಿನ ಗಿಡವನ್ನೋ ಟೊಮೆಟೊವನ್ನೋ ಹಾಗೆ ತುಂಬಿದರೆ ಒಂದಕ್ಕೊಂದು ಕಚ್ಚಾಡಿ ಸೊರಗುತ್ತವೆ. ಗೆಡ್ಡೆಗೆ ಮೊದಲ ವರ್ಷ ಮಣ್ಣಿನಿಂದ ಬೇಕಾದದ್ದು ನೀರು ಮತ್ತು ಬೇರೂರಲು ಜಾಗ, ಅಷ್ಟೇ. ನೆಡುವಾಗ ಗೊಬ್ಬರ ಹಾಕುವ ಅಗತ್ಯವೂ ಇಲ್ಲ.

ಇದರಿಂದ ಇನ್ನೊಂದು ಮಾತೂ ಸ್ಪಷ್ಟ. ಗೆಡ್ಡೆ ದಪ್ಪ ಇದ್ದಷ್ಟೂ ಹೂವು ಖಾತ್ರಿ. ಚೀಲದ ಮೇಲೆ 11/12 ಅಥವಾ 12/+ ಅಂತ ಬರೆದಿರುತ್ತಾರಲ್ಲ, ಅದು ಗೆಡ್ಡೆಯ ಸುತ್ತಳತೆ, ಸೆಂಟಿಮೀಟರಿನಲ್ಲಿ. ಟ್ಯುಲಿಪ್‌ಗೆ 12ರ ಮೇಲಿನದ್ದು ಒಳ್ಳೆಯದು. ತೀರಾ ಸಣ್ಣ ಗೆಡ್ಡೆಯಿಂದ ಒಂದೇ ಎಲೆ ಬಂದು ಸುಮ್ಮನಾಗುತ್ತದೆ. ಅಗ್ಗಕ್ಕೆ ನೂರು ಗೆಡ್ಡೆ ತರುವ ಬದಲು ದಪ್ಪನೆಯ ನಲವತ್ತು ತನ್ನಿ. ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿ ಇರಬೇಕು. ಸಿಪ್ಪೆ ಸುಲಿದಿದ್ದರೆ ತೊಂದರೆ ಇಲ್ಲ, ಹೊರಗೆ ಸ್ವಲ್ಪ ನೀಲಿ ಬೂಷ್ಟು ಇದ್ದರೂ ಒರೆಸಿ ನೆಡಬಹುದು. ಆದರೆ ಮೆತ್ತಗಾಗಿ, ಹುಳಿ ವಾಸನೆ ಬಂದರೆ ಅದು ಫ್ಯುಸೇರಿಯಂ ಶಿಲೀಂಧ್ರದ ಕೊಳೆ. ಕೂಡಲೇ ಎಸೆಯಿರಿ. ಅದರಿಂದ ಹೊರಡುವ ಎಥಿಲೀನ್ ಅನಿಲ ಪಕ್ಕದ ಒಳ್ಳೆಯ ಗೆಡ್ಡೆಗಳ ಒಳಗಿನ ಹೂವನ್ನೂ ಒಣಗಿಸಿಬಿಡುತ್ತದೆ.

ಹಯಸಿಂತ್ ಗೆಡ್ಡೆ ಮುಟ್ಟಿದರೆ ಕೆಲವರಿಗೆ ಕೈ ತುರಿಸುತ್ತದೆ. ನಮ್ಮ ಸುವರ್ಣಗೆಡ್ಡೆ, ಕೆಸುವಿನಲ್ಲಿ ಇರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳೇ ಇದರಲ್ಲೂ ಇವೆ. ಕೈಗವಸು ಹಾಕಿಕೊಳ್ಳಿ.

ಚಳಿ ಯಾಕೆ ಬೇಕು

ಟ್ಯುಲಿಪ್‌ನ ತವರು ಹಾಲೆಂಡ್ ಅಲ್ಲ ಅಂತ ಅನೇಕರಿಗೆ ಗೊತ್ತು. ಮಧ್ಯ ಏಷ್ಯಾದ ತಿಯೆನ್ ಶಾನ್, ಪಾಮಿರ್ ಬೆಟ್ಟಗಳ ಇಳಿಜಾರು ಅದರ ಮೂಲ ನೆಲೆ. ಅಲ್ಲಿಂದ ತುರ್ಕಿಗೆ ಬಂತು, ತುರ್ಕಿಯಿಂದ ಯುರೋಪಿಗೆ. ಕರೋಲಸ್ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ 1593ರಲ್ಲಿ ಲೈಡನ್ ವಿಶ್ವವಿದ್ಯಾಲಯದ ತೋಟಕ್ಕೆ ಬಂದು ನೆಟ್ಟ ಗೆಡ್ಡೆಗಳು 1594ರ ವಸಂತದಲ್ಲಿ ಅರಳಿದವು. ಆ ತೋಟ ಈಗಲೂ ಇದೆ.

ಆ ಬೆಟ್ಟಗಳ ಹವಾಮಾನ ನೆನಪಿಟ್ಟುಕೊಂಡರೆ ಕುಂಡದ ಆರೈಕೆ ತಾನಾಗಿ ಗೊತ್ತಾಗುತ್ತದೆ. ಬೇಸಿಗೆ ಬಿಸಿ, ಒಣ. ಚಳಿಗಾಲ ಉದ್ದ, ಕಟು. ನಡುವೆ ಹಿಮ ಕರಗುವ ಚಿಕ್ಕ ವಸಂತ. ಬೆಳೆಯಲು ಸಿಗುವುದು ಕೆಲವೇ ವಾರ. ಅಷ್ಟರಲ್ಲಿ ಎಲೆ, ಹೂ, ಬೀಜ ಎಲ್ಲ ಆಗಬೇಕು. ಹಾಗಾಗಿ ಹೂವನ್ನು ಮೊದಲೇ ಮಾಡಿಟ್ಟುಕೊಂಡು, ಚಳಿ ಮುಗಿಯುವುದನ್ನು ಕಾಯುವ ಗುಣ ಅದಕ್ಕೆ ಬಂತು.

ಚಳಿ ಮುಗಿಯಿತು ಅಂತ ಗೆಡ್ಡೆಗೆ ತಿಳಿಯುವುದು ಹೇಗೆ? ತಂಪಿನ ವಾರಗಳ ಲೆಕ್ಕದಿಂದ. ಟ್ಯುಲಿಪ್‌ಗೆ ಸಾಮಾನ್ಯವಾಗಿ 12ರಿಂದ 16 ವಾರ, 9 ಡಿಗ್ರಿಯ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ತಂಪು ಬೇಕು. ಆ ತಂಪಿನಲ್ಲಿ ಪಿಷ್ಟ ಮೆಲ್ಲಮೆಲ್ಲಗೆ ಸಕ್ಕರೆಯಾಗುತ್ತದೆ. ಕಾಂಡ ಉದ್ದವಾಗಲು ಬೇಕಾದ ಹಾರ್ಮೋನುಗಳ ಕೆಲಸಕ್ಕೂ ಇದೇ ಹೊತ್ತು. ಹೊರಗೆ ಏನೂ ಕಾಣುವುದಿಲ್ಲ. ಮಣ್ಣೊಳಗೆ ಮಾತ್ರ ಬೇರು ಇಳಿಯುತ್ತಿರುತ್ತದೆ, ಮೊಳಕೆ ಸಿದ್ಧವಾಗುತ್ತಿರುತ್ತದೆ. ಚಳಿ ಸಾಲದೆ ಹೋದರೆ ಹೂವು ಸಾಯಲೇಬೇಕೆಂದಿಲ್ಲ. ಕಾಂಡ ಮೇಲೇಳದೆ, ಎಲೆಗಳ ನಡುವೆಯೇ ಕುಳ್ಳಗೆ ಸಿಕ್ಕಿಕೊಂಡು ಅರಳುತ್ತದೆ. ಇಲ್ಲವೇ ಮೊಗ್ಗಲ್ಲೇ ಕಾಗದದಂತೆ ಒಣಗುತ್ತದೆ.

ಹಾಗಾದರೆ ಬೆಂಗಳೂರಿನಲ್ಲಿ? ಊರಿಗೆ ಫೋನ್ ಮಾಡಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಬೆಂಗಳೂರಿನ ಜನವರಿ ರಾತ್ರಿಗಳು ಸಾಮಾನ್ಯವಾಗಿ 15-16 ಡಿಗ್ರಿ. ನಮಗೆ ಸ್ವೆಟರ್ ಬೇಕಾಗುತ್ತದೆ, ಟ್ಯುಲಿಪ್‌ಗೆ ಅದು ಚಳಿಯೇ ಅಲ್ಲ. ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲಿ ಮೂರು ತಿಂಗಳಿಗಿಂತ ಜಾಸ್ತಿ ಇಟ್ಟು, ಡಿಸೆಂಬರ್ ಕೊನೆಗೆ ನೆಟ್ಟರೆ ಒಂದು ಸಲ ಹೂ ಬರಬಹುದು. ಆ ಡ್ರಾಯರಿನಲ್ಲಿ ಸೇಬು, ಬಾಳೆಹಣ್ಣು ಇರಬಾರದು, ಅವೂ ಎಥಿಲೀನ್ ಬಿಡುತ್ತವೆ. ಬಂದ ಹೂವು ಬಿಸಿಲಿಗೆ ಬೇಗ ಉದುರುತ್ತದೆ, ಗೆಡ್ಡೆ ಮತ್ತೆ ಹೂ ಕೊಡುವುದಿಲ್ಲ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇರುವವರೂ ಟ್ಯುಲಿಪ್, ಹಯಸಿಂತ್ ಗೆಡ್ಡೆಗಳನ್ನು ಹೀಗೇ ಫ್ರಿಜ್ಜಿನಲ್ಲಿಟ್ಟು ನೆಡುತ್ತಾರೆ. ಭಾರತದಲ್ಲೇ ಟ್ಯುಲಿಪ್ ನೋಡಬೇಕೆಂದರೆ ಶ್ರೀನಗರ ಸರಿ. ದಾಲ್ ಸರೋವರದ ಹತ್ತಿರ, ಜಬರ್ವನ್ ಬೆಟ್ಟದ ತಪ್ಪಲಲ್ಲಿ 2007ರಲ್ಲಿ ತೆರೆದ ಟ್ಯುಲಿಪ್ ತೋಟ ಮಾರ್ಚ್ ಕೊನೆಯಿಂದ ಏಪ್ರಿಲ್‌ನಲ್ಲಿ ಅರಳುತ್ತದೆ. ಅಲ್ಲಿ ಚಳಿಗೆ ಕೊರತೆ ಇಲ್ಲ.

ನಮ್ಮ ಕಡೆಯ ಗೆಡ್ಡೆಗಳ ಗಡಿಯಾರವೇ ಬೇರೆ. ಫುಟ್‌ಬಾಲ್ ಲಿಲಿ ಒಣ ತಿಂಗಳುಗಳಲ್ಲಿ ಮಲಗಿ, ಮುಂಗಾರು ಪೂರ್ವ ಮಳೆ ಬೀಳುತ್ತಿದ್ದಂತೆ ಕೆಂಪಗೆ ಎದ್ದು ನಿಲ್ಲುತ್ತದೆ. ರೈನ್ ಲಿಲಿ ಮಳೆ ಬಿದ್ದ ಕೆಲವೇ ದಿನಕ್ಕೆ ಹೂ ಬಿಡುತ್ತದೆ. ಅವು ಕಾಯುವುದು ನೀರಿಗೆ. ಇವನ್ನು ಮೇಲೆಯೇ ನೆಡಬೇಕಾದ್ದರಿಂದ ಪದರದ ಲೆಕ್ಕ ಹೊಂದುವುದಿಲ್ಲ. ಒಂದು ಅಗಲ ಕುಂಡದಲ್ಲಿ ಅಕ್ಕಪಕ್ಕ ಹಾಕಿದರೆ ಸಾಕು.

ಇನ್ನೊಂದು ಮಾತು. ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ನಾಲ್ಕು ಗೆಡ್ಡೆ ಹಾಕಿಕೊಂಡು ಹೋಗಬೇಡಿ. ಭಾರತಕ್ಕೆ ಗೆಡ್ಡೆ ತರಲು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಮಣ್ಣಿನ ರೋಗ, ಹುಳ ಗೆಡ್ಡೆಯ ಜೊತೆ ಸುಲಭವಾಗಿ ದಾಟುತ್ತವೆ. ಆ ಕಾನೂನಿಗೆ ಅರ್ಥ ಇದೆ.

ಕುಂಡ ತುಂಬುವ ಕೆಲಸ

ಮೂರು ಪದರಕ್ಕೆ 40 ಸೆಂ.ಮೀ. ಆಳದ ಕುಂಡ ಬೇಕು. 30 ಸೆಂ.ಮೀ. ಇದ್ದರೆ ಎರಡೇ ಪದರ ಹಾಕಿ. ತಳದಲ್ಲಿ ತೂತು ಇರಲೇಬೇಕು. ತೂತಿನ ಮೇಲೆ ಒಂದು ಹೆಂಚಿನ ಚೂರು ಇಟ್ಟರೆ ಮಣ್ಣು ಸೋರುವುದಿಲ್ಲ. ಅದರ ಮೇಲೆ ಒಂದು ಗೇಣು ಜಲ್ಲಿ ತುಂಬುವ ಪದ್ಧತಿ ಇದೆ, ಅದನ್ನು ಬಿಡಿ. ಜಲ್ಲಿಯ ಮೇಲೆ ನಿಂತ ಮಣ್ಣಿನಿಂದ ನೀರು ಸುಲಭವಾಗಿ ಕೆಳಗಿಳಿಯುವುದಿಲ್ಲ, ಅದರ ತಳಭಾಗ ತೊಯ್ದೇ ಇರುತ್ತದೆ. ಆಳವೂ ದಂಡ. ಅದರ ಬದಲು ಮಣ್ಣನ್ನೇ ಸಡಿಲ ಮಾಡಿ. ಮೂರು ಪಾಲು ಪಾಟಿಂಗ್ ಮಿಕ್ಸ್, ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ ಎಂಬ ಹಗುರವಾದ ಬಿಳಿ ಕಾಳು. ಹಾಲೆಂಡಿನ ಗೆಡ್ಡೆ ಬೆಳೆಯುವ ಪ್ರದೇಶ ಸಮುದ್ರದ ಹತ್ತಿರದ ಮರಳು ನೆಲ. ಗೆಡ್ಡೆಗೆ ನೀರು ಬೇಕು, ನಿಂತ ನೀರು ಬೇಡ.

ಯಾವಾಗ ನೆಡಬೇಕು ಅನ್ನುವುದರಲ್ಲಿ ಸ್ವಲ್ಪ ಎಳೆದಾಟ ಇದೆ. ಡ್ಯಾಫೊಡಿಲ್, ಕ್ರೋಕಸ್‌ಗೆ ಸೆಪ್ಟೆಂಬರ್, ಅಕ್ಟೋಬರ್ ಇಷ್ಟ. ಅವು ಬೇಗ ಬೇರು ಬಿಡುತ್ತವೆ. ಟ್ಯುಲಿಪ್‌ಗೆ ನವೆಂಬರ್ ವಾಸಿ. ಮಣ್ಣು ತಣ್ಣಗಾದ ಮೇಲೆ ನೆಟ್ಟರೆ ಟ್ಯುಲಿಪ್ ಫೈರ್ ಅನ್ನುವ ಶಿಲೀಂಧ್ರ ರೋಗದ ಕಾಟ ಕಡಿಮೆ. ಎಲೆ ಸುಟ್ಟ ಹಾಗೆ ಮುರುಟಿ, ಹೂವಿನ ಮೇಲೆ ಚುಕ್ಕೆ ಬೀಳುವ ರೋಗ ಅದು. ಎಲ್ಲವೂ ಒಂದೇ ಕುಂಡಕ್ಕೆ ಬೀಳುವಾಗ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ದಿನಗಳು ಎಲ್ಲರಿಗೂ ಒಪ್ಪಿಗೆ.

ಗೆಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳದಲ್ಲಿ ಅದನ್ನು ಇಡಬೇಕು ಅನ್ನುವುದು ಹಳೆಯ ನಿಯಮ. ಪದರದ ಕುಂಡಕ್ಕೆ ಅದನ್ನೇ ಹಿಡಿದು, ತಳದ್ದನ್ನು ಸ್ವಲ್ಪ ಆಳಕ್ಕೆ ತಳ್ಳುತ್ತೇವೆ. ಟ್ಯುಲಿಪ್ ಸುಮಾರು 20 ಸೆಂ.ಮೀ. ಕೆಳಗೆ, ಡ್ಯಾಫೊಡಿಲ್ 13-14 ಸೆಂ.ಮೀ., ಕ್ರೋಕಸ್ ಅಥವಾ ಮಸ್ಕಾರಿ 7-8 ಸೆಂ.ಮೀ. 35 ಸೆಂ.ಮೀ. ಅಗಲದ ಕುಂಡಕ್ಕೆ ಕೆಳಗೆ ಹದಿನೈದು ಟ್ಯುಲಿಪ್, ನಡುವೆ ಹನ್ನೆರಡು ಡ್ಯಾಫೊಡಿಲ್, ಮೇಲೆ ಇಪ್ಪತ್ತೈದು ಪುಟ್ಟ ಗೆಡ್ಡೆ ಆರಾಮಾಗಿ ಹಿಡಿಯುತ್ತವೆ. ಗೆಡ್ಡೆಗೆ ಗೆಡ್ಡೆ ತಾಗಬಾರದು. ಒಂದು ಕೊಳೆತರೆ ಇನ್ನೊಂದಕ್ಕೆ ದಾಟುತ್ತದೆ. ಒಂದು ಬೆರಳು ತೂರುವಷ್ಟು ಸಂದು ಸಾಕು.

ಟ್ಯುಲಿಪ್ ಗೆಡ್ಡೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿ. ಒಂದು ಮಗ್ಗುಲು ಉಬ್ಬಿರುತ್ತದೆ, ಇನ್ನೊಂದು ಚಪ್ಪಟೆ. ಮೊದಲ ದೊಡ್ಡ ಎಲೆ ಬರುವುದು ಆ ಚಪ್ಪಟೆ ಮಗ್ಗುಲಿನಿಂದ. ಕುಂಡದ ಅಂಚಿನ ಗೆಡ್ಡೆಗಳನ್ನು ಚಪ್ಪಟೆ ಭಾಗ ಹೊರಕ್ಕೆ ತಿರುಗಿಸಿ ಇಟ್ಟರೆ ಎಲೆಗಳೆಲ್ಲ ಅಂಚಿನ ಮೇಲೆ ಹೊರಕ್ಕೆ ಬಾಗುತ್ತವೆ, ನಡುವೆ ಹೂವಿಗೆ ಜಾಗ ಆಗುತ್ತದೆ. ಮೂತಿ ಮೇಲೆ, ಬೇರಿನ ತಟ್ಟೆ ಕೆಳಗೆ. ಮೆಲ್ಲಗೆ ಒತ್ತಿ ಕೂರಿಸಿ, ತಿರುಪಬೇಡಿ. ಮೂತಿ ಮುಚ್ಚುವಷ್ಟು ಮಣ್ಣು ಹಾಕಿ ಎರಡನೇ ಪದರ ಶುರು ಮಾಡಿ. ಕ್ರೋಕಸ್‌ನಲ್ಲಿ ಮೇಲು ಕೆಳಗು ಗೊತ್ತಾಗದಿದ್ದರೆ ಅಡ್ಡ ಇಡಿ. ಮೊಳಕೆ ತಾನೇ ಮೇಲೆ ತಿರುಗುತ್ತದೆ. ಅದಕ್ಕೆ ಕುಗ್ಗುವ ಬೇರುಗಳೂ ಇವೆ. ಅವು ಗೆಡ್ಡೆಯನ್ನು ತನಗೆ ಬೇಕಾದ ಆಳಕ್ಕೆ ಎಳೆದುಕೊಳ್ಳುತ್ತವೆ.

ಕೆಳಗಿನ ಟ್ಯುಲಿಪ್ ಮೇಲಿನ ಗೆಡ್ಡೆಗೆ ಗುದ್ದಿಕೊಂಡು ನಿಲ್ಲುವುದಿಲ್ವಾ? ಇಲ್ಲ. ಬೇಸಿಗೆಯಲ್ಲಿ ಕುಂಡ ಬಗ್ಗಿಸಿದಾಗ ನೋಡಿ. ಟ್ಯುಲಿಪ್‌ನ ಬಿಳಿ ಕಾಂಡ ಡ್ಯಾಫೊಡಿಲ್ ಗೆಡ್ಡೆಯ ಹೊಟ್ಟೆಗೆ ತಾಗಿ, ಅದನ್ನು ಬಳಸಿ ಅರ್ಧ ಸುತ್ತು ಹಾಕಿ, ಮತ್ತೆ ನೆಟ್ಟಗೆ ಮೇಲೆ ಹೋಗಿರುತ್ತದೆ. ಮೇಲಿನ ಗೆಡ್ಡೆಗಳನ್ನು ಕೆಳಗಿನವುಗಳ ಸಂದಿಗೆ ಸರಿಯಾಗಿ ಅಳೆದು ಇಡುವ ಕಷ್ಟ ಬೇಡ.

ಯಾವುದರ ಜೊತೆ ಯಾವುದು

ನಾನು ಹೆಚ್ಚು ಹೊತ್ತು ಕೂರುವುದು ಇಲ್ಲಿ. ಚೀಲದ ಚಿತ್ರಕ್ಕಿಂತ ಅದರ ಹಿಂದೆ ಬರೆದ ತಿಂಗಳು ಮುಖ್ಯ. ಅದರ ಪಕ್ಕದಲ್ಲೇ ಇರುವ ಎತ್ತರ ಇನ್ನೂ ಮುಖ್ಯ. ಮೊದಲು ಅರಳುವುದು ಕುಳ್ಳಗಿರಬೇಕು, ಕೊನೆಗೆ ಅರಳುವುದು ಎತ್ತರ ಇರಬೇಕು. ಆಗ ಹಿಂದಿನ ಹೂವಿನ ಬಾಡಿದ ಎಲೆಯನ್ನು ಮುಂದಿನದು ಮುಚ್ಚುತ್ತದೆ.

ನೆದರ್‌ಲೆಂಡ್ಸ್‌ನಲ್ಲಿ ಫೆಬ್ರವರಿ ಕೊನೆ, ಮಾರ್ಚ್ ಮೊದಲಿಗೆ ಕ್ರೋಕಸ್ ಮತ್ತು ಐರಿಸ್ ರೆಟಿಕ್ಯುಲೇಟ ಬರುತ್ತವೆ. ಎರಡೂ ಒಂದು ಗೇಣಿಗಿಂತ ಕುಳ್ಳ. ಮಾರ್ಚ್‌ನಲ್ಲಿ ಟೆಟ್-ಅ-ಟೆಟ್ ಎಂಬ ಪುಟ್ಟ ಡ್ಯಾಫೊಡಿಲ್. ಏಪ್ರಿಲ್‌ನಲ್ಲಿ ಮಸ್ಕಾರಿ, ಜೊತೆಗೆ ಪ್ಯೂರಿಸಿಮ ಥರದ ಬೇಗ ಅರಳುವ ಟ್ಯುಲಿಪ್. ಏಪ್ರಿಲ್ ಕೊನೆಗೆ ಟ್ರಯಂಫ್ ಗುಂಪಿನವು, ಮೇಯಲ್ಲಿ ಕ್ವೀನ್ ಆಫ್ ನೈಟ್ ಥರದ ಗಾಢ ನೇರಳೆ ಬಣ್ಣದ ತಡ ಟ್ಯುಲಿಪ್. ಚಳಿ ಹೆಚ್ಚು ಕಡಿಮೆಯಾದರೆ ಎಲ್ಲವೂ ಒಂದೆರಡು ವಾರ ಆಚೀಚೆ ಆಗುತ್ತದೆ, ಆದರೆ ಸರದಿ ಬದಲಾಗುವುದು ಅಪರೂಪ.

ದೊಡ್ಡ ಡ್ಯಾಫೊಡಿಲ್ ಜಾತಿಗಳನ್ನು ಪದರದ ಕುಂಡಕ್ಕೆ ಹಾಕಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೂ ಮುಗಿದ ಮೇಲೆ ಅವುಗಳ ಉದ್ದನೆಯ ಎಲೆ ಕುಂಡದ ತುಂಬ ಬಿದ್ದುಕೊಂಡು ಟ್ಯುಲಿಪ್ ಮೊಗ್ಗನ್ನೇ ಮುಚ್ಚುತ್ತವೆ. ಹಯಸಿಂತ್ ಕೂಡ ಅಷ್ಟಕ್ಕಷ್ಟೇ. ಪರಿಮಳ ಏನೋ ಚೆನ್ನ, ಆದರೆ ಹೂಗೊನೆ ಭಾರಕ್ಕೆ ವಾಲಿ ಅಕ್ಕಪಕ್ಕದ್ದನ್ನು ಕೆಡವುತ್ತದೆ. ಅದಕ್ಕೆ ಬೇರೆ ಕುಂಡ ಇಟ್ಟು ಬಾಗಿಲ ಹತ್ತಿರ ಇಡಿ. ಮೊದಲ ಸಲ ಮಾಡುವವರಿಗೆ ಕ್ರೋಕಸ್, ಟೆಟ್-ಅ-ಟೆಟ್, ಒಂದು ತಡ ಟ್ಯುಲಿಪ್, ಈ ಮೂರೇ ಸಾಕು. ಒಂದೇ ಪದರದಲ್ಲಿ ನಾಲ್ಕು ಬಣ್ಣದ ಟ್ಯುಲಿಪ್ ಬೆರೆಸಿದ ಚೀಲ ಸಿಗುತ್ತದೆ. ಅವೆಲ್ಲ ಒಂದೇ ವಾರ ಅರಳುತ್ತವೆ ಅನ್ನುವ ಭರವಸೆ ಇಲ್ಲ, ಎತ್ತರವೂ ಬೇರೆ ಬೇರೆ. ಒಂದು ಪದರಕ್ಕೆ ಒಂದೇ ಜಾತಿ ಹಾಕಿದರೆ ಕುಂಡ ತುಂಬಿ ಕಾಣುತ್ತದೆ.

ಕೊನೆಗೆ ಮೇಲ್ಮಣ್ಣಿನಲ್ಲಿ ನಾಲ್ಕು ವಯೋಲಾ ಅಥವಾ ಪ್ಯಾನ್ಸಿ ಸಸಿ ಊರಿ. ನವೆಂಬರಿನಿಂದ ಫೆಬ್ರವರಿ ತನಕ ಖಾಲಿ ಕುಂಡ ನೋಡುವ ಬೇಸರ ತಪ್ಪುತ್ತದೆ. ಮೊಳಕೆಗಳು ಅವುಗಳ ನಡುವಿನಿಂದ ದಾರಿ ಮಾಡಿಕೊಳ್ಳುತ್ತವೆ.

ಚಳಿಗಾಲದ ಕಾವಲು

ನೆಲದಲ್ಲಿ ನೆಟ್ಟ ಗೆಡ್ಡೆಗೆ ಸುತ್ತಲಿನ ಮಣ್ಣೇ ಕಂಬಳಿ. ಕುಂಡಕ್ಕೆ ಆ ಭಾಗ್ಯ ಇಲ್ಲ, ನಾಲ್ಕೂ ಕಡೆಯಿಂದ ಗಾಳಿ ಹೊಡೆಯುತ್ತದೆ. ಶೂನ್ಯದ ಆಚೀಚೆ ಆಡುವ ಒಂದೆರಡು ರಾತ್ರಿಗೆ ಹೆದರಬೇಕಿಲ್ಲ. 2021ರ ಫೆಬ್ರವರಿಯಲ್ಲಿ ಆದ ಹಾಗೆ ಹಿಮಬಿರುಗಾಳಿ ಬಂದು, ಕಾಲುವೆಗಳೆಲ್ಲ ಹೆಪ್ಪುಗಟ್ಟುವಂಥ ವಾರ ಬಂದರೆ ಕುಂಡವನ್ನು ಶೆಡ್ಡಿಗೋ ಗ್ಯಾರೇಜಿಗೋ ಸಾಗಿಸಿ. ಬಾಲ್ಕನಿ ಮಾತ್ರ ಇರುವವರು ಗೋಡೆಗೆ ಒತ್ತಿ ಇಟ್ಟು, ಸುತ್ತ ಗೋಣಿಯೋ ಬಬಲ್ ರ‍್ಯಾಪೋ ಸುತ್ತಿ. ಹೀಟರ್ ಇರುವ ಕೋಣೆಯೊಳಗೆ ತರಬೇಡಿ. ಚಳಿಯ ಲೆಕ್ಕ ಅಲ್ಲಿಗೇ ತಪ್ಪುತ್ತದೆ.

ನೆದರ್‌ಲೆಂಡ್ಸ್, ಇಂಗ್ಲೆಂಡಿನಲ್ಲಿ ಚಳಿಗಿಂತ ಮಳೆಯ ಕಾಟ ಜಾಸ್ತಿ. ಕುಂಡದ ಕೆಳಗೆ ತಟ್ಟೆ ಇಡಬೇಡಿ. ಎರಡು ಮರದ ತುಂಡಿನ ಮೇಲೆ ಎತ್ತಿ ಇಟ್ಟರೆ ತೂತು ಮುಚ್ಚಿಕೊಳ್ಳುವುದಿಲ್ಲ. ಮೇಲಿನ ಫ್ಲ್ಯಾಟಿನ ಬಾಲ್ಕನಿ ಸೂರಾಗಿ, ಮಳೆಯೇ ಬೀಳದ ಮೂಲೆಯಾದರೆ ಸಮಸ್ಯೆ ತಿರುಗುಮುರುಗು. ಎರಡು ವಾರಕ್ಕೊಮ್ಮೆ ಬೆರಳು ಊರಿ ನೋಡಿ, ಒಣಗಿದ್ದರೆ ಸ್ವಲ್ಪ ನೀರು ಹಾಕಿ. ಚಳಿಗಾಲದಲ್ಲಿ ಬೇರು ಒಣಗಿದರೆ ಮೊಗ್ಗು ಸಾಯುತ್ತದೆ. ಅದು ಗೊತ್ತಾಗುವುದು ಮಾತ್ರ ಏಪ್ರಿಲ್‌ನಲ್ಲಿ.

ಇಂಗ್ಲೆಂಡ್, ಅಮೆರಿಕದಲ್ಲಿ ಇರುವವರಿಗೆ ಅಳಿಲಿನ ಕಾಟ. ಹೊಸದಾಗಿ ಕೆದಕಿದ ಮಣ್ಣು ಕಂಡರೆ ಸಾಕು, ಕ್ರೋಕಸ್, ಟ್ಯುಲಿಪ್ ಗೆಡ್ಡೆ ಕಿತ್ತು ತಿನ್ನುತ್ತವೆ. ನಮ್ಮವರು ಮೆಣಸಿನ ಪುಡಿ ಉದುರಿಸುತ್ತಾರೆ. ಒಂದು ಮಳೆಗೆ ಅದು ತೊಳೆದು ಹೋಗುತ್ತದೆ. ಕೋಳಿಗೂಡಿನ ತಂತಿ ಬಲೆಯನ್ನು ಕುಂಡದ ಬಾಯಿಗೆ ಬಿಗಿದು, ಮೊಳಕೆ ಕಂಡಾಗ ತೆಗೆಯುವುದೇ ಸರಿಯಾದ ದಾರಿ. ಡ್ಯಾಫೊಡಿಲ್ ಮಾತ್ರ ಅಳಿಲು ಮುಟ್ಟುವುದಿಲ್ಲ, ಅದು ವಿಷ.

ಹೂವು ಬಂದ ಮೇಲೆ

ಮೊಳಕೆ ಮೇಲೆ ಬಂದ ಕೂಡಲೇ ಕುಂಡವನ್ನು ಬಿಸಿಲಿಗೆ ತನ್ನಿ. ಕ್ರೋಕಸ್ ಬಿಸಿಲು ಬಿದ್ದರೆ ಮಾತ್ರ ಬಾಯಿ ಬಿಡುತ್ತದೆ, ಮೋಡ ಕವಿದರೆ ಮುಚ್ಚಿಕೊಳ್ಳುತ್ತದೆ. ಟ್ಯುಲಿಪ್ ಕೂಡ ಹಗಲು ಅರಳಿ ಸಂಜೆಗೆ ಮುಚ್ಚುವುದನ್ನು ನೋಡಿರಬಹುದು. ಬೆಚ್ಚಗಾದಾಗ ಎಸಳಿನ ಒಳಮೈ ಬೇಗ ಬೆಳೆಯುತ್ತದೆ, ಹೂವು ತೆರೆಯುತ್ತದೆ. ತಂಪಾದಾಗ ಹೊರಮೈ ಬೇಗ ಬೆಳೆಯುತ್ತದೆ, ಮುಚ್ಚುತ್ತದೆ. ಪ್ರತಿ ಸಲ ತೆರೆದು ಮುಚ್ಚುವಾಗಲೂ ಎಸಳು ಒಂಚೂರು ಉದ್ದವಾಗುತ್ತದೆ. ಮೊದಲ ದಿನದ ಟ್ಯುಲಿಪ್‌ಗೂ ವಾರದ ನಂತರದ ಟ್ಯುಲಿಪ್‌ಗೂ ಅಳತೆಯಲ್ಲೇ ವ್ಯತ್ಯಾಸ ಕಾಣುತ್ತದೆ. ಬಿಸಿಲು ಜೋರಾದರೆ ಕುಂಡವನ್ನು ನೆರಳಿಗೆ ಸರಿಸಿ, ಹೂವು ಇನ್ನಷ್ಟು ದಿನ ನಿಲ್ಲುತ್ತದೆ.

ಎ‍ಸಳು ಉದುರಿದ ಮೇಲೆ ಹೂವಿನ ತಲೆ ಚಿವುಟಿ, ಎಲೆ ಬಿಡಿ. ಹೊಲದ ಬೆಳೆಗಾರರು ಮಾಡುವುದೂ ಇದನ್ನೇ. ಏಪ್ರಿಲ್, ಮೇಯಲ್ಲಿ ಅಷ್ಟು ಸುಂದರ ಹೊಲಗಳ ಹೂವನ್ನೆಲ್ಲ ಮೆಷಿನ್ ಹಾಕಿ ತಲೆ ಕತ್ತರಿಸುವುದನ್ನು ನೋಡಿ ಪ್ರವಾಸಿಗರು ಅಯ್ಯೋ ಅನ್ನುತ್ತಾರೆ. ಅವರಿಗೆ ಬೇಕಾದದ್ದು ಗೆಡ್ಡೆ. ಬೀಜ ಕಟ್ಟಲು ಹೋಗುವ ಶಕ್ತಿ ಗೆಡ್ಡೆಗೆ ಹೋಗಲಿ ಅಂತ ಹಾಗೆ ಮಾಡುತ್ತಾರೆ. ಎಲೆ ಹಳದಿಯಾಗುವ ತನಕ, ಅಂದರೆ ಸುಮಾರು ಆರು ವಾರ, ನೀರು ಹಾಕುತ್ತಿರಿ. ಗೊಬ್ಬರ ಕೊಡುವುದಿದ್ದರೆ ಈಗ, ಪೊಟ್ಯಾಶ್ ಹೆಚ್ಚಿರುವ ಟೊಮೆಟೊ ಗೊಬ್ಬರ.

ಇಷ್ಟೆಲ್ಲ ಮಾಡಿದರೂ ಕುಂಡದ ಟ್ಯುಲಿಪ್ ಮುಂದಿನ ವರ್ಷ ಅದೇ ಥರ ಅರಳುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ನೀವು ನೆಟ್ಟ ಗೆಡ್ಡೆ ಹೂ ಕೊಟ್ಟು ಕರಗಿ ಹೋಗಿರುತ್ತದೆ. ಅದರ ಜಾಗದಲ್ಲಿ ಮರಿ ಗೆಡ್ಡೆಗಳು ಹುಟ್ಟಿರುತ್ತವೆ. ಇಕ್ಕಟ್ಟಾದ ಕುಂಡದಲ್ಲಿ ಅವು ಹೂ ಬಿಡುವಷ್ಟು ದಪ್ಪ ಆಗುವುದು ಕಷ್ಟ. ಪದರದ ಕುಂಡಕ್ಕೆ ಪ್ರತಿ ವರ್ಷ ಹೊಸ ಟ್ಯುಲಿಪ್ ತರುವುದೇ ವಾಸಿ. ಟಾರ್ಡ, ಟರ್ಕೆಸ್ಟಾನಿಕ ಥರದ ಕಾಡು ಟ್ಯುಲಿಪ್‌ಗಳು ಇದಕ್ಕೆ ಹೊರತು, ಅವು ವರ್ಷ ವರ್ಷ ಮರಳಿ ಬರುತ್ತವೆ. ಡ್ಯಾಫೊಡಿಲ್, ಮಸ್ಕಾರಿ, ಕ್ರೋಕಸ್ ಕೂಡ ಗಟ್ಟಿ ಜೀವ. ಸ್ವಂತ ತೋಟ ಇದ್ದರೆ ಅಲ್ಲಿಗೆ ಹಾಕಿ, ಇಲ್ಲದಿದ್ದರೆ ನೆರೆಮನೆಯವರಿಗೆ ಕೊಡಿ.

ಜೂನ್ ಕೊನೆಗೆ ಕುಂಡವನ್ನು ಹಳೆಯ ಬೆಡ್‌ಶೀಟಿನ ಮೇಲೆ ಬಗ್ಗಿಸಿ. ಉಳಿಸಿಕೊಳ್ಳುವ ಗೆಡ್ಡೆಗಳ ಮಣ್ಣು ಕೊಡವಿ, ನೆರಳಲ್ಲಿ ಒಣಗಿಸಿ, ಬಲೆಚೀಲದಲ್ಲಿ ಗಾಳಿಯಾಡುವ ಕಡೆ ತೂಗುಹಾಕಿ. ಅಡುಗೆಮನೆಯಲ್ಲಿ ಮಾತ್ರ ಬೇಡ, ಡ್ಯಾಫೊಡಿಲ್ ಗೆಡ್ಡೆಯನ್ನು ಈರುಳ್ಳಿ ಅಂದುಕೊಂಡು ಹೆಚ್ಚಿ ವಾಂತಿ ಮಾಡಿಕೊಂಡವರಿದ್ದಾರೆ. ಆ ಮಣ್ಣನ್ನು ಮುಂದಿನ ಟ್ಯುಲಿಪ್‌ಗೆ ಮತ್ತೆ ಬಳಸಬೇಡಿ, ರೋಗ ಉಳಿದಿರಬಹುದು. ಬೇರೆ ಗಿಡಕ್ಕೆ ಧಾರಾಳವಾಗಿ ಬಳಸಬಹುದು. ನಮ್ಮಲ್ಲಿ ಬಹಳ ಮಂದಿ ಅದೇ ಕುಂಡದಲ್ಲಿ ಮೆಂತ್ಯ, ಕೊತ್ತಂಬರಿ ಹಾಕುತ್ತಾರೆ. ಬಿತ್ತುವ ಮೊದಲು ಮಣ್ಣನ್ನು ಬೆರಳಿನಿಂದ ಜರಡಿ ಹಿಡಿದು, ಡ್ಯಾಫೊಡಿಲ್‌ನ ಮರಿ ಗೆಡ್ಡೆಗಳನ್ನು ಒಂದೂ ಬಿಡದೆ ಆರಿಸಿ ತೆಗೆಯಿರಿ.